ಟೆಂಡರಿಗೆ ಮುನ್ನ ನೆಲ ನೋಡಿ: ಹಳ್ಳಿ ರಸ್ತೆಯ ಜಾಡಿನಲ್ಲಿ ಪರೀಕ್ಷಾ ಉತ್ಖನನ ಹೇಗೆ?

ಗುಡ್ಡದ ಬದಿ ಕಡಿದು ರಸ್ತೆ ಅಗಲ ಮಾಡುವಾಗ ಜೇಸಿಬಿ ಬಕೆಟ್ಟಿಗೆ ಮಡಕೆ ಸಿಕ್ಕಿತಂತೆ, ಜನ ಸೇರುವಷ್ಟರಲ್ಲಿ ಪುಡಿಯಾಗಿತ್ತಂತೆ. ಇಂಥ ಮಾತು ನಮ್ಮ ಊರುಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಆ ಹೊತ್ತಿಗೆ ಇಲಾಖೆಗೆ ಫೋನು ಮಾಡಿ ಪ್ರಯೋಜನವಿಲ್ಲ. ಮಣ್ಣು ಆಗಲೇ ಟಿಪ್ಪರ್ ಹತ್ತಿ ಯಾವುದೋ ತಗ್ಗಿಗೆ ಬಿದ್ದಿರುತ್ತದೆ. ಪುರಾತತ್ತ್ವದಲ್ಲಿ ವಸ್ತುವಿನಷ್ಟೇ ಅದು ಸಿಕ್ಕಿದ ಜಾಗವೂ ಮುಖ್ಯ. ಜಾಗ ಕಳೆದರೆ ಉಳಿಯುವುದು ಹಳೆಯ ಮಡಕೆ ಮಾತ್ರ.

ಉಡುಪಿ, ದಕ್ಷಿಣ ಕನ್ನಡದ ನೆಲ ಬರಿದಾದದ್ದಲ್ಲ. ಉದ್ಯಾವರ, ಬಾರ್ಕೂರು ಹಿಂದೆ ಈ ಕರಾವಳಿಯನ್ನು ಆಳಿದ ಆಳುಪ ಅರಸರ ರಾಜಧಾನಿಗಳು. ವಡ್ಡರ್ಸೆಯ ಶಾಸನ 7ನೇ ಶತಮಾನದ್ದು, ಬೆಳ್ಮಣ್ಣಿನ ತಾಮ್ರಪಟ 8ನೇ ಶತಮಾನದ್ದು. ಮೂಡುಬಿದಿರೆ ಬಳಿಯ ಮೂಡು ಕೊಣಾಜೆಯ ಬೃಹತ್ ಶಿಲಾಯುಗದ (ದೊಡ್ಡ ಕಲ್ಲುಗಳಿಂದ ಸಮಾಧಿ ಕಟ್ಟುತ್ತಿದ್ದ ಕಾಲದ) ಸಮಾಧಿಗಳ ನೆಲೆಯಲ್ಲಿ ಸುಟ್ಟಮಣ್ಣಿನ ಗೊಂಬೆಗಳು ಸಿಕ್ಕ ಸುದ್ದಿ 2023ರಲ್ಲಿ ಬಂತು. ಆದರೂ ಪ್ರತಿ ಹಳ್ಳಿ ರಸ್ತೆಗೆ ಮುನ್ನ ಅಗೆದು ನೋಡಲೇಬೇಕೆಂಬ ಕಡ್ಡಾಯ ನಮ್ಮಲ್ಲಿಲ್ಲ. ಫ್ರಾನ್ಸ್ 2001ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು. ಅಲ್ಲಿ ಕಾಮಗಾರಿಯ ಜಾಗದ ಶೇ 5ರಿಂದ 10ರಷ್ಟನ್ನು ಕಂದಕ ತೆಗೆದು ನೋಡುವುದು ರೂಢಿ. ನಾಗಾರ್ಜುನಸಾಗರ ಅಣೆಕಟ್ಟಿಗೆ ಮುನ್ನ ನಾಗಾರ್ಜುನಕೊಂಡದಲ್ಲಿ 1954ರಿಂದ 1960ರವರೆಗೆ ಉತ್ಖನನ ನಡೆಸಿದ ದೇಶ ನಮ್ಮದು. ಅಣೆಕಟ್ಟಿಗೆ ಮಾಡಿದ್ದನ್ನು 3.75 ಮೀಟರ್ ಅಗಲದ ಡಾಂಬರು ರಸ್ತೆಗೂ ಚಿಕ್ಕದಾಗಿ ಮಾಡಬಹುದು. ಮಾಡುವ ಹೊತ್ತು ಯಾವುದು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಹೊತ್ತು: ಟ್ರಾನ್ಸೆಕ್ಟ್ ವಾಕ್

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಡಿಪಿಆರ್ (ವಿಸ್ತೃತ ಯೋಜನಾ ವರದಿ) ಆಗುವ ಮೊದಲು ಎಂಜಿನಿಯರು, ಪಂಚಾಯತಿಯವರು, ಊರವರು ಸೇರಿ ರಸ್ತೆ ಹೋಗುವ ಜಾಡಿನಲ್ಲಿ ನಡೆದು ನೋಡಬೇಕೆಂಬ ನಿಯಮವಿದೆ. ಇದನ್ನೇ ಟ್ರಾನ್ಸೆಕ್ಟ್ ವಾಕ್ ಎನ್ನುತ್ತಾರೆ. ಮರ, ಬಾವಿ, ದರೆ, ಯಾರ ಜಾಗ ಎಷ್ಟು ಹೋಗುತ್ತದೆ ಎಂದು ಬರೆದುಕೊಳ್ಳುವ ಈ ನಡಿಗೆಗೆ ಹತ್ತಿರದ ಕಾಲೇಜಿನ ಇತಿಹಾಸ ಅಧ್ಯಾಪಕರೊಬ್ಬರನ್ನು ಸೇರಿಸಿಕೊಂಡರೆ ಅರ್ಧ ಕೆಲಸ ಆದಂತೆ. ಡಿಪಿಆರ್‌ಗೆ ಮುನ್ನ ರಸ್ತೆ ಎಂದರೆ ನಕ್ಷೆಯ ಮೇಲಿನ ಒಂದು ಗೆರೆ, ಮೂರು ಮೀಟರ್ ಆಚೀಚೆ ಮಾಡಲು ಖರ್ಚಿಲ್ಲ. ಗುತ್ತಿಗೆ ಕೊಟ್ಟ ಮೇಲೆ ಅದೇ ಮೂರು ಮೀಟರಿಗೆ ಪತ್ರ ವ್ಯವಹಾರ, ಪರಿಷ್ಕೃತ ಅಂದಾಜು, ಜಗಳ.

ನಡಿಗೆಗೆ ಮೊದಲು ಗ್ರಾಮ ಆಡಳಿತ ಅಧಿಕಾರಿಯ (ಹಿಂದಿನ ಗ್ರಾಮಲೆಕ್ಕಿಗರ) ಬಳಿಯ ನಕ್ಷೆ, ಹಳೆಯ ಸರ್ವೆ ದಾಖಲೆ ನೋಡಿ. 1956ರವರೆಗೆ ಈ ಎರಡೂ ಜಿಲ್ಲೆಗಳ ನೆಲ ಮದ್ರಾಸ್ ಆಡಳಿತದಲ್ಲಿತ್ತಾದ್ದರಿಂದ ಹಳೆಯ ಕಾಗದಗಳ ಕ್ರಮವೇ ಬೇರೆ. ಗದ್ದೆಗಳ ಹೆಸರು ಹಿರಿಯರ ಬಾಯಲ್ಲೇ ಕೇಳಬೇಕು. ಕೋಟೆಬೆಟ್ಟು, ಅರಮನೆ ಗದ್ದೆ, ಬಸದಿ ಹಿತ್ಲು, ಪಾಂಡವರ ಕಲ್ಲು ಎಂಬಂಥ ಹೆಸರು ಬಂದರೆ ನಕ್ಷೆಯಲ್ಲಿ ಕೆಂಪು ಗುರುತು ಹಾಕಿ. ತಗ್ಗಿನ ಬೈಲು ಗದ್ದೆಗಿಂತ ಅದಕ್ಕೂ ಎತ್ತರದ ಮಜಲು, ಬೆಟ್ಟುಗಳತ್ತ ಗಮನ ಹೆಚ್ಚಿರಲಿ. ನೀರು ನಿಲ್ಲುವಲ್ಲಿ ಯಾರೂ ಮನೆ ಕಟ್ಟುವುದಿಲ್ಲ.

ನಡೆಯುವಾಗ ಕಣ್ಣು ನೆಲದ ಮೇಲಿರಲಿ. ಕಡಿದ ದರೆ, ತೋಡಿನ ದಂಡೆ, ಹೊಸದಾಗಿ ತೆಗೆದ ಬಾವಿಯ ಮಣ್ಣು, ಅಡಿಕೆ ಗಿಡದ ಗುಂಡಿ, ಇವೆಲ್ಲ ಪುಕ್ಕಟೆ ಸಿಕ್ಕ ಉತ್ಖನನಗಳು. ತೋಡಿನ ಸಂಕಕ್ಕೆ ಹಾಸಿದ ಚಪ್ಪಡಿಯ ಅಡಿಭಾಗ, ಬಟ್ಟೆ ಒಗೆಯುವ ಕಲ್ಲು ಕೂಡ ಬಗ್ಗಿ ನೋಡಬೇಕಾದವು. ಅಕ್ಷರವಿದ್ದ ಕಲ್ಲು ಮಗುಚಿ ಬಿದ್ದಿರುವುದುಂಟು. ನಾಗಬನ, ದೈವಸ್ಥಾನದ ಅಂಗಳಕ್ಕೆ ಮನೆತನದವರನ್ನು ಕೇಳದೆ ಕಾಲಿಡಬೇಡಿ. ಬನದೊಳಗೆ ಗುಂಡಿ ತೆಗೆಯುವ ಮಾತೇ ಬೇಡ, ಅಲ್ಲಿ ರಸ್ತೆಯೇ ಸರಿಯಲಿ.

ಅನುಮತಿ

ಉತ್ಸಾಹಕ್ಕೆ ಹಾರೆ ಹಿಡಿಯುವಂತಿಲ್ಲ. ಉತ್ಖನನಕ್ಕೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು. ರಾಜ್ಯದ ಪುರಾತತ್ತ್ವ ಇಲಾಖೆ, ವಿಶ್ವವಿದ್ಯಾಲಯಗಳು ಸಹ ಅದನ್ನು ಪಡೆದೇ ಅಗೆಯುವುದು. ಪಂಚಾಯತಿ ಮಾಡಬಹುದಾದದ್ದು ನಿರ್ಣಯ ಬರೆದು, ನಡಿಗೆಯ ವರದಿ, ಫೋಟೊ, ನಕ್ಷೆ ಲಗತ್ತಿಸಿ, ಜಿಲ್ಲಾಧಿಕಾರಿಗೂ ಮೈಸೂರಿನಲ್ಲಿರುವ ರಾಜ್ಯ ಇಲಾಖೆಯ ಕೇಂದ್ರ ಕಚೇರಿಗೂ ಕಳಿಸುವುದು. ಕೇಂದ್ರ ಸಂರಕ್ಷಿತ ಸ್ಮಾರಕ ಹತ್ತಿರವಿದ್ದರೆ ಮೊದಲ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ ಎಂಬ 2010ರ ತಿದ್ದುಪಡಿಯನ್ನೂ ನೆನಪಿಡಿ.

ಜಾಗದ ಯಜಮಾನರ ಒಪ್ಪಿಗೆ ಎಲ್ಲಕ್ಕಿಂತ ಕಷ್ಟದ್ದು. ‘ಏನಾದರೂ ಸಿಕ್ಕರೆ ಜಾಗ ಸರಕಾರದ ಪಾಲು’ ಎಂಬ ಹೆದರಿಕೆ ಸಹಜವೇ. ಅವರಿಗೆ ಬಿಡಿಸಿ ಹೇಳಿ: ಮಡಕೆ ಚೂರು ಸಿಕ್ಕ ಮಾತ್ರಕ್ಕೆ ಜಾಗ ಹೋಗುವುದಿಲ್ಲ, ಸಂರಕ್ಷಿತ ಎಂದಾಗಬೇಕಾದರೆ ಅಧಿಸೂಚನೆ ಹೊರಡಬೇಕು, ಆಕ್ಷೇಪ ಸಲ್ಲಿಸಲು ಕಾಲಾವಕಾಶವೂ ಇರುತ್ತದೆ. ಚಿನ್ನ, ನಾಣ್ಯದಂಥ ನಿಧಿಗೆ ಮಾತ್ರ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ. ಅದನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನಿಧಿಯ ಗುಲ್ಲು ಎದ್ದರೆ ರಾತ್ರಿ ಬಂದು ಅಗೆಯುವವರಿದ್ದಾರೆ. ಗುಂಡಿ ತೆರೆದಿರುವಷ್ಟು ದಿನ ಕಾವಲು ಬೇಕು.

ಗುಂಡಿ ಎಲ್ಲಿ, ಹೇಗೆ

ಏಣೆಲು (ಮಳೆಗಾಲದ ಭತ್ತ) ಕೊಯ್ಲು ಮುಗಿದು ಮಣ್ಣು ಸ್ವಲ್ಪ ಆರಿದ ಮೇಲೆ, ಡಿಸೆಂಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಮೇ ಕೊನೆಯ ವಾರದ ಪತ್ತನಾಜೆಗೆ ಮುನ್ನ ಗುಂಡಿ ಮುಚ್ಚಿರಬೇಕು.

ರಸ್ತೆಯ ನಡುಗೆರೆಯ ಮೇಲೆ 20 ಮೀಟರಿಗೊಂದರಂತೆ 1 ಮೀಟರ್ ಚೌಕದ ಗುಂಡಿ ಹಾಕಿದರೆ ಕಿಲೋಮೀಟರಿಗೆ 50 ಗುಂಡಿ. ಕೆಂಪು ಗುರುತಿರುವಲ್ಲಿ ಅಂತರ ಕಡಿಮೆ ಮಾಡಿ. ಏನಾದರೂ ಕಂಡ ಕಡೆ 2 ಮೀಟರ್ ಅಗಲದ ಕಂದಕ ತೆರೆಯಬೇಕು. ಅಲ್ಲಿ ಮೇಲ್ಪದರ ಸವರಲು ಜೇಸಿಬಿ ಆಗುತ್ತದೆ. ಆದರೆ ಹಲ್ಲಿಲ್ಲದ ಬಕೆಟ್ ಹಾಕಿಸಿ, ತೆಳುವಾಗಿ ಸವರಿಸಿ, ಪಕ್ಕದಲ್ಲಿ ತಿಳಿದವರೊಬ್ಬರು ಕಣ್ಣಿಟ್ಟು ನಿಂತಿರಬೇಕು.

ನಾಲ್ಕು ಮೂಲೆಗೆ ಗೂಟ, ಹುರಿ, ರಸಮಟ್ಟ. ಇನ್ನು ಕೆಲಸ ಕರಣೆಯದ್ದು, ಸಣ್ಣ ಪಿಕಾಸಿಯದ್ದು. ಅಗೆಯುವುದು ಅಳತೆಯಂತಲ್ಲ, ಪದರದಂತೆ: ಮೇಲಿನ ಪದರ ಪೂರ್ತಿ ಎದ್ದ ಮೇಲೆ ಮುಂದಿನದ್ದು. ನಮ್ಮ ಕೆಂಪುಮಣ್ಣಿನಲ್ಲಿ ಇಲ್ಲೇ ಕೈ ಕಟ್ಟುತ್ತದೆ. ಒಣಗಿದಾಗ ಎಲ್ಲ ಪದರವೂ ಒಂದೇ ಬಣ್ಣ. ಗಿಡಕ್ಕೆ ಔಷಧಿ ಬಿಡುವ ಸಣ್ಣ ಸ್ಪ್ರೇಯರ್‌ನಲ್ಲಿ ಗುಂಡಿಯ ಗೋಡೆಗೆ ನೀರಿನ ತುಂತುರು ಹಾಯಿಸಿ, ಬೆಳಗ್ಗಿನ ಓರೆ ಬಿಸಿಲಿನಲ್ಲಿ ನೋಡಿ. ಸ್ವಲ್ಪ ಹೊತ್ತು ಬಣ್ಣದ ವ್ಯತ್ಯಾಸ ಎದ್ದು ಕಾಣುತ್ತದೆ. ಬೂದಿ ಬೆರೆತ ಕಪ್ಪು ಗೆರೆ, ಕಂಬ ನೆಟ್ಟ ತೂತಿನ ಸಡಿಲ ಮಣ್ಣು, ಮೇಲಿಂದ ಇಳಿದ ಗುಂಡಿಯ ಅಂಚು, ಎಲ್ಲ ಆಗ ತೋರುತ್ತದೆ. ಆರುವ ಮೊದಲೇ ಕರಣೆಯ ತುದಿಯಿಂದ ಗೆರೆ ಎಳೆದುಬಿಡಿ. ಮೇಲಿಂದ ಇಳಿದ ಗುಂಡಿ ಸಿಕ್ಕರೆ ಅದನ್ನು ಮೊದಲು ಬೇರೆಯಾಗಿ ಖಾಲಿ ಮಾಡಿ. ಬೆರೆತರೆ ನಿನ್ನೆಯದ್ದೂ ಸಾವಿರ ವರ್ಷದ್ದೂ ಒಂದೇ ಚೀಲಕ್ಕೆ ಬಿದ್ದೀತು.

ಕಾಲ ಗುರುತಿಸಲು ನಮ್ಮ ಜಿಲ್ಲೆಗೇ ಸೇರಿದ ಒಂದು ಅನುಕೂಲವಿದೆ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆ ಯಂತ್ರದ ಹೆಂಚಿನ ಚೂರು ಕದಡದ ಒಂದು ಪದರದಲ್ಲಿ ಸಿಕ್ಕರೆ ಆ ಪದರ 1865ಕ್ಕೆ ಹಿಂದಿನದ್ದಾಗಲು ಸಾಧ್ಯವಿಲ್ಲ. ಹೆಂಚು ಕಾಣದೆ ಕೈಯಲ್ಲಿ ತಟ್ಟಿದ ಓಡು ಬರತೊಡಗಿದರೆ ಕೈ ನಿಧಾನವಾಗಲಿ. ಒಳಗೆ ಕಪ್ಪು, ಹೊರಗೆ ಕೆಂಪು ಇರುವ ನುಣುಪು ಮಡಕೆ ಚೂರು ಸಿಕ್ಕರೆ ಕೆಲಸ ನಿಲ್ಲಿಸಿ ತಜ್ಞರನ್ನು ಕರೆಸಿ. ಅದು ಬೃಹತ್ ಶಿಲಾಯುಗದವರದ್ದಾಗಿರಬಹುದು. ಮೂಳೆ ಸಿಗಲಿಲ್ಲ ಎಂದು ಗೋರಿಯಲ್ಲ ಎಂದುಕೊಳ್ಳಬೇಡಿ. ನಮ್ಮ ಆಮ್ಲೀಯ ಮಣ್ಣಿನಲ್ಲಿ ಮೂಳೆ ಉಳಿಯುವುದೇ ಅಪರೂಪ.

‘ಮುರಕಲ್ಲು (ಜಂಬಿಟ್ಟಿಗೆ) ಬಂತು, ಇನ್ನೇನಿಲ್ಲ’ ಎಂದು ಗುಂಡಿಯಿಂದ ಏಳುವುದು ಬೇರೆ ಕಡೆ ಸರಿ, ಇಲ್ಲಿ ಅಪಾಯ. ಕರಾವಳಿಯಲ್ಲಿ ಬೃಹತ್ ಶಿಲಾಯುಗದವರು ಮುರಕಲ್ಲನ್ನೇ ಕೊರೆದು ಒಳಗೆ ಸಮಾಧಿ ಕೋಣೆ ಮಾಡಿದ್ದಾರೆ, ಮೇಲೆ ದುಂಡು ಬಾಯಿ ಬಿಟ್ಟು ಚಪ್ಪಡಿ ಮುಚ್ಚಿದ್ದಾರೆ. ಹಾಗಾಗಿ ಕಲ್ಲಿನ ಮೇಲ್ಮೈಯನ್ನು ಗುಡಿಸಿ, ತೊಳೆದು ನೋಡಿ. ವೃತ್ತದಂಥ ಅಂಚು, ತುಂಬಿದ ಸಡಿಲ ಮಣ್ಣು ಇದೆಯೇ? ಹಾರೆಯ ಹಿಡಿಯಿಂದ ಮೆಲ್ಲಗೆ ಕುಟ್ಟಿದರೆ ಪೊಳ್ಳು ಸದ್ದು ಬರುತ್ತದೆಯೇ? ಬಂದರೆ ಅಲ್ಲಿಗೆ ನಿಲ್ಲಿಸಿ, ಬೇಲಿ ಕಟ್ಟಿ. ತೆರೆಯುವುದು ಪರೀಕ್ಷಾ ಗುಂಡಿಯ ಕೆಲಸವಲ್ಲ. ಆ ಕೋಣೆಯ ಮೇಲೆ ರೋಲರ್ ಓಡಿಸಿದರೆ ರಸ್ತೆಯೂ ಕುಸಿಯುತ್ತದೆ ಎಂಬುದನ್ನು ಎಂಜಿನಿಯರಿಗೆ ತಿಳಿಸಿ. ಈ ಮಾತು ಅವರಿಗೆ ಬೇಗ ನಾಟುತ್ತದೆ.

ತೆಗೆದ ಮಣ್ಣನ್ನೆಲ್ಲ ಜರಡಿ ಹಿಡಿಯಿರಿ. ಪ್ರತಿ ಚೀಲದ ಮೇಲೆ ಗುಂಡಿಯ ಸಂಖ್ಯೆ, ಪದರ, ಆಳ, ದಿನಾಂಕ. ಇದ್ದಿಲು ಸಿಕ್ಕರೆ ಬರಿಗೈಯಲ್ಲಿ ಮುಟ್ಟದೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಕಾರ್ಬನ್ ಪರೀಕ್ಷೆಗೆ ಅದು ಬೇಕು. ಗುಂಡಿಯ ಒಂದು ಗೋಡೆಯನ್ನಾದರೂ ಗ್ರಾಫ್ ಹಾಳೆಯಲ್ಲಿ ಬಿಡಿಸಿ. ಫೋಟೊದಲ್ಲಿ ಅಳತೆಪಟ್ಟಿ, ಉತ್ತರ ದಿಕ್ಕಿನ ಬಾಣ ಇರಲಿ. ಏನೂ ಸಿಗದ ಗುಂಡಿಗೂ ಇದೆಲ್ಲ ಬೇಕು, ಖಾಲಿ ಎಂಬುದು ಕೂಡ ದಾಖಲೆ.

ಆಮೇಲೆ

ಬಹುತೇಕ ಗುಂಡಿ ಖಾಲಿಯೇ ಇರುತ್ತವೆ, ಅಲ್ಲೆಲ್ಲ ರಸ್ತೆ ನಿಶ್ಚಿಂತೆಯಾಗಿ ಸಾಗಲಿ. ಸಿಕ್ಕಲ್ಲಿ ಮೊದಲ ಆಯ್ಕೆ ಜಾಡು ಸರಿಸುವುದು. ಆಗದಿದ್ದರೆ ನೆಲ ಕಡಿಯದೆ ಮೇಲೆ ಮಣ್ಣು ತುಂಬಿ ಎತ್ತರಿಸಿ ರಸ್ತೆ ಒಯ್ಯುವುದು. ಕೆಳಗಿನದ್ದು ಮಣ್ಣಿನಡಿ ಉಳಿಯುತ್ತದೆ. ಎರಡೂ ಆಗದಾಗ ಮಾತ್ರ ಪೂರ್ಣ ಉತ್ಖನನ. ಅದಕ್ಕೆ ಹಣ, ಕಾಲ ಎರಡೂ ಬೇಕು, ಅರೆಬರೆ ಮಾಡುವುದಕ್ಕಿಂತ ಮಾಡದಿರುವುದೇ ಲೇಸು.

ಮುಚ್ಚುವ ಮುನ್ನ ಗುಂಡಿಯ ತಳಕ್ಕೆ ಬಿಳಿ ಮರಳು ಹರಡಿ, ಮುಂದೆ ಅಗೆಯುವವರಿಗೆ ಇಲ್ಲಿಯವರೆಗೆ ನೋಡಿಯಾಗಿದೆ ಎಂದು ತಿಳಿಯುತ್ತದೆ. ತೆಗೆದ ಮಣ್ಣನ್ನೇ ಒಂದೊಂದು ಅಡಿಗೆ ದಮ್ಮಸು ಮಾಡಿ ತುಂಬಿ, ಇಲ್ಲವಾದರೆ ಮೊದಲ ಮಳೆಗೇ ಕುಳಿ ಬೀಳುತ್ತದೆ. ವಸ್ತುಗಳು ಪಟ್ಟಿಯೊಂದಿಗೆ ಇಲಾಖೆಗೆ ಸೇರಲಿ. ಪಟ್ಟಿಯ ಒಂದು ಪ್ರತಿ, ಗುಂಡಿಗಳ ನಕ್ಷೆ ಪಂಚಾಯತಿ ಕಚೇರಿಯ ಕಡತದಲ್ಲೂ ಇರಲಿ. ಅದೇ ಜಾಡಿನಲ್ಲಿ ನಾಳೆ ಕುಡಿಯುವ ನೀರಿನ ಪೈಪಿಗೆ ಅಗೆಯುವವರು ಮೊದಲು ಬರುವುದು ಅಲ್ಲಿಗೇ.