ಕೋಡ್ ಯಾವಾಗ ಓಡಬೇಕು ಅನ್ನೋದು ನಮ್ಮ ಕೈಯಲ್ಲಿರಲಿ: ಆರ್ಗ್ ಮೋಡ್ ಜೊತೆ ನನ್ನ ಅನುಭವ

ಬರಹ, ಕೋಡ್, ಉತ್ತರ ಮೂರನ್ನೂ ಒಂದೇ ಫೈಲ್‌ನಲ್ಲಿ ಇಟ್ಟುಕೊಂಡು ಕೆಲಸ ಮಾಡುವುದು ನನಗೆ ತುಂಬಾ ಇಷ್ಟ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1984ರಲ್ಲಿ ಲಿಟರೇಟ್ ಪ್ರೋಗ್ರಾಮಿಂಗ್ (ಕೋಡನ್ನೂ ಅದರ ವಿವರಣೆಯನ್ನೂ ಒಟ್ಟಿಗೆ ಬರೆಯುವ ರೀತಿ) ಬಗ್ಗೆ ಬರೆದಾಗ ಒಂದು ಫೈಲ್‌ನಿಂದ ಎರಡು ಹೊರಬರುತ್ತಿದ್ದವು: ಜನ ಓದುವ ಪುಟ, ಕಂಪೈಲರ್ ಓದುವ ಕೋಡ್. ಇಮ್ಯಾಕ್ಸ್ ಎಡಿಟರ್‌ನಲ್ಲಿ ಟಿಪ್ಪಣಿ, ಬರಹಗಳಿಗೆ ಬಳಸುವ ಆರ್ಗ್ ಮೋಡ್‌ನಲ್ಲಿ ಕೋಡ್ ಓಡಿಸುವ ಭಾಗದ ಹೆಸರು ಬೇಬಲ್. ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕೋಡನ್ನು ಅಲ್ಲೇ ಓಡಿಸಿ, ಬಂದ ಉತ್ತರವನ್ನು ಆ ಬ್ಲಾಕಿನ (ಬರಹದ ನಡುವೆ ಇಟ್ಟ ಕೋಡ್ ತುಂಡಿನ) ಕೆಳಗೇ ಬರೆದಿಡುತ್ತದೆ. ಹಾಗಾಗಿ ಯಾವ ಬ್ಲಾಕ್ ಯಾವಾಗ ಓಡಬೇಕು ಅನ್ನೋದನ್ನು ನಾವೇ ಹೇಳಬೇಕಾಗುತ್ತದೆ.

ನನ್ನ ಲೆಕ್ಕದಲ್ಲಿ ಪುಟ ತಯಾರಿಸುವುದು ಬೇರೆ, ಕೋಡ್ ಓಡಿಸುವುದು ಬೇರೆ. ಆದರೆ ಆರ್ಗ್ ಮೊದಲಿನಿಂದ ಹಾಗೆ ಇರುವುದಿಲ್ಲ. ‘ಉತ್ತರವನ್ನೂ ತೋರಿಸು’ ಎಂದಿರುವ ಬ್ಲಾಕನ್ನು ಎಕ್ಸ್‌ಪೋರ್ಟ್ ಮಾಡುವಾಗ, ಅಂದರೆ ಫೈಲಿನಿಂದ ಪಿಡಿಎಫ್‌ನಂಥ ಪುಟ ತಯಾರಿಸುವಾಗ, ಅದು ಮತ್ತೆ ಓಡಿಸಲು ಹೋಗುತ್ತದೆ. ಒಂದು ಕಾಗುಣಿತ ತಿದ್ದಿ ಪಿಡಿಎಫ್ ಮಾಡಲು ಹೊರಟರೂ ಗಂಟೆಗಟ್ಟಲೆ ಓಡುವ ಲೆಕ್ಕಾಚಾರ ಮತ್ತೆ ಶುರು. ಡೇಟಾಬೇಸ್‌ಗೆ ಸಾಲು ಸೇರಿಸುವ ಬ್ಲಾಕ್ ಇದ್ದರಂತೂ ಇನ್ನೂ ಕಷ್ಟ, ಅಲ್ವಾ?

ಅದಕ್ಕೇ ನನ್ನ ಪ್ರತಿ ಫೈಲಿನ ತಲೆಯಲ್ಲೂ ಒಂದು ಪ್ರಾಪರ್ಟಿ ಸಾಲು ಇರುತ್ತದೆ. ಹೆಡರ್-ಆರ್ಗ್ಸ್ (ಬ್ಲಾಕ್‌ಗಳಿಗೆ ಕೊಡುವ ಸೂಚನೆಗಳು) ಒಳಗೆ, ಓಡಿಸಬೇಕೋ ಬೇಡವೋ ಎಂದು ಹೇಳುವ ಇವ್ಯಾಲ್‌ಗೆ ‘ನೆವರ್-ಎಕ್ಸ್‌ಪೋರ್ಟ್’ ಎಂದು ಕೊಡುತ್ತೇನೆ. ಆಗ ಎಕ್ಸ್‌ಪೋರ್ಟ್‌ನಲ್ಲಿ ಏನೂ ಓಡುವುದಿಲ್ಲ. ಫೈಲ್‌ನಲ್ಲಿ ಈಗಾಗಲೇ ಇರುವ ಉತ್ತರವೇ ಪುಟಕ್ಕೆ ಹೋಗುತ್ತದೆ. ನಾನಾಗಿ ಬ್ಲಾಕಿನ ಮೇಲೆ ನಿಂತು ಕಂಟ್ರೋಲ್-ಸಿ ಎರಡು ಸಲ ಒತ್ತಿದರೆ ಮಾತ್ರ ಓಡುತ್ತದೆ. ಎಕ್ಸ್‌ಪೋರ್ಟ್‌ನಲ್ಲಿ ಬೇಬಲನ್ನೇ ಪೂರ್ತಿ ಆಫ್ ಮಾಡುವ ಸೆಟ್ಟಿಂಗ್ ಕೂಡ ಇದೆ. ಅದು ನನಗೆ ಹಿಡಿಸುವುದಿಲ್ಲ. ಅದನ್ನು ಆಫ್ ಮಾಡಿದರೆ ಕೋಡ್ ತೋರಿಸಬೇಕೋ ಉತ್ತರ ತೋರಿಸಬೇಕೋ ಎಂಬ ಹೆಡರ್ ಮಾತುಗಳಿಗೂ ಬೆಲೆ ಇರುವುದಿಲ್ಲ.

ಅಪಾಯದ ಬ್ಲಾಕ್‌ಗಳಿಗೆ, ಅಂದರೆ ಫೈಲ್ ಅಳಿಸುವಂಥವು, ಸರ್ವರ್‌ಗೆ ಏನಾದರೂ ಕಳಿಸುವಂಥವು, ಇವ್ಯಾಲ್ ‘ಕ್ವೆರಿ’ ಇಡುತ್ತೇನೆ. ಬೇರೆ ಕಡೆ ಕೇಳಬೇಡ ಎಂದು ಹೇಳಿದ್ದರೂ ಇಲ್ಲಿ ಅದು ಕೇಳಿಯೇ ಓಡಿಸುತ್ತದೆ. ಇಡೀ ಫೈಲನ್ನು ಒಂದೇ ಏಟಿಗೆ ಓಡಿಸುವಾಗ ಇದರ ಬೆಲೆ ಗೊತ್ತಾಗುತ್ತದೆ. ಸುಮ್ನೆ ಓದುವುದಕ್ಕೆಂದು ಇಟ್ಟ ಮಾದರಿ ಕೋಡ್‌ಗೆ ‘ನೆವರ್’. ಯಾರು ಒತ್ತಿದರೂ ಅದು ಓಡಬಾರದು.

ಇಲ್ಲೊಂದು ಕಡೆ ಹುಷಾರಾಗಿರಬೇಕು. ಒಳಗಿನ ಒಂದು ಶೀರ್ಷಿಕೆಯ ಡ್ರಾಯರ್‌ನಲ್ಲಿ (ಶೀರ್ಷಿಕೆಯ ಕೆಳಗೆ ಅದರ ಸೆಟ್ಟಿಂಗ್ ಬರೆಯುವ ಜಾಗ) ಹೆಡರ್-ಆರ್ಗ್ಸ್ ಎಂದು ಬರೆದು ಸೆಷನ್ (ಬ್ಲಾಕ್‌ಗಳ ನಡುವೆ ವೇರಿಯಬಲ್‌ಗಳನ್ನು ಉಳಿಸಿಕೊಂಡು ಓಡುತ್ತಲೇ ಇರುವ ಪ್ರೋಗ್ರಾಂ) ಹೆಸರು ಮಾತ್ರ ಕೊಟ್ಟರೆ, ಫೈಲಿನ ತಲೆಯಲ್ಲಿದ್ದ ಹೆಡರ್-ಆರ್ಗ್ಸ್ ಸಾಲು ಆ ಭಾಗಕ್ಕೆ ಅನ್ವಯಿಸುವುದಿಲ್ಲ. ಸೇರಿಸಬೇಕಾದರೆ ಹೆಡರ್-ಆರ್ಗ್ಸ್ ಎಂಬ ಹೆಸರಿನ ಕೊನೆಗೆ ಪ್ಲಸ್ ಚಿಹ್ನೆ ಹಾಕಬೇಕು. ಆ ಒಂದು ಪ್ಲಸ್ ಇಲ್ಲದಿದ್ದರೆ ನೆವರ್-ಎಕ್ಸ್‌ಪೋರ್ಟ್ ಕಾವಲು ಅಲ್ಲಿ ಸದ್ದಿಲ್ಲದೆ ಹೋಗಿಬಿಡುತ್ತದೆ.

ಸೆಷನ್ ಇದ್ದಾಗ ಇನ್ನೂ ಒಂದು ವಿಷಯ ಇದೆ. ನೆವರ್-ಎಕ್ಸ್‌ಪೋರ್ಟ್ ಇಲ್ಲದ ಕಡೆ, ಕೋಡ್ ಮಾತ್ರ ತೋರಿಸು ಎಂದಿದ್ದರೂ, ಕೊನೆಗೆ ಏನೂ ತೋರಿಸಬೇಡ ಎಂದಿದ್ದರೂ, ಸೆಷನ್ ಇರುವ ಬ್ಲಾಕನ್ನು ಎಕ್ಸ್‌ಪೋರ್ಟ್ ಓಡಿಸಲು ಹೋಗುತ್ತದೆ. ಉತ್ತರ ಎಲ್ಲೂ ಕಾಣುವುದಿಲ್ಲ, ಕೆಲಸ ಮಾತ್ರ ನಡೆಯುತ್ತದೆ. ಮುಂದಿನ ಬ್ಲಾಕಿಗೆ ಇದರ ವೇರಿಯಬಲ್ ಬೇಕಾಗಬಹುದು ಅನ್ನೋ ಕಾರಣಕ್ಕೆ ಇದು ಸರಿಯೇ. ಆದರೆ ‘ಪುಟದಲ್ಲಿ ಕಾಣುತ್ತಿಲ್ಲ, ಹಾಗಾದರೆ ಓಡಿಲ್ಲ’ ಎಂದುಕೊಳ್ಳುವ ಹಾಗಿಲ್ಲ.

ಇನ್ನು ಕ್ಯಾಶ್, ಅಂದರೆ ಒಮ್ಮೆ ಬಂದ ಉತ್ತರವನ್ನು ಉಳಿಸಿಟ್ಟು ಮತ್ತೆ ಬಳಸುವುದು. ‘ಕ್ಯಾಶ್ ಯೆಸ್’ ಎಂದರೆ ಆರ್ಗ್ ಬ್ಲಾಕಿನ ಕೋಡ್, ಅದರ ಹೆಡರ್, ಅದಕ್ಕೆ ಕೊಟ್ಟ ವೇರಿಯಬಲ್‌ಗಳು ಇವೆಲ್ಲದರ ಒಂದು ಹ್ಯಾಶ್ (ಅವುಗಳಲ್ಲಿ ಏನು ಬದಲಾದರೂ ತಾನೂ ಬದಲಾಗುವ ಗುರುತು) ಮಾಡಿ ಉತ್ತರದ ಸಾಲಿನಲ್ಲೇ ಬರೆದಿಡುತ್ತದೆ. ಮುಂದಿನ ಸಲ ಹ್ಯಾಶ್ ಅದೇ ಬಂದರೆ ಓಡಿಸುವುದಿಲ್ಲ, ಹಳೆಯ ಉತ್ತರವನ್ನೇ ಕೊಡುತ್ತದೆ. ಜಾಸ್ತಿ ಹೊತ್ತು ಓಡುವ ಬ್ಲಾಕ್‌ಗಳಿಗೆ ಇದು ವರ. ಆದರೆ ಕೋಡ್ ಓದುವ ಸಿಎಸ್‌ವಿ ಡೇಟಾ ಫೈಲ್ ಬದಲಾದರೆ ಹ್ಯಾಶ್‌ಗೆ ಅದು ಗೊತ್ತೇ ಆಗುವುದಿಲ್ಲ.

ನಾನು ಕಂಡುಕೊಂಡ ದಾರಿ ಇದು. ಆ ಸಿಎಸ್‌ವಿ ಫೈಲಿನ ಚೆಕ್‌ಸಮ್ (ಹ್ಯಾಶ್‌ನಂಥದೇ ಗುರುತು) ತೆಗೆಯುವ ಒಂದು ಸಣ್ಣ ಶೆಲ್ ಬ್ಲಾಕ್ ಬರೆದು ಅದಕ್ಕೆ ಹೆಸರಿಡುತ್ತೇನೆ. ಅದಕ್ಕೆ ಕ್ಯಾಶ್ ಹಾಕುವುದಿಲ್ಲ. ದೊಡ್ಡ ಬ್ಲಾಕಿಗೆ ಆ ಹೆಸರನ್ನು ವೇರಿಯಬಲ್ ಆಗಿ ಕೊಡುತ್ತೇನೆ. ದೊಡ್ಡ ಬ್ಲಾಕಿನ ಕೋಡ್ ಆ ವೇರಿಯಬಲನ್ನು ಎಲ್ಲೂ ಬಳಸುವುದಿಲ್ಲ. ಆದರೂ ಡೇಟಾ ಬದಲಾದರೆ ಚೆಕ್‌ಸಮ್ ಬದಲಾಗುತ್ತದೆ, ಅದರಿಂದ ಹ್ಯಾಶ್ ಬದಲಾಗುತ್ತದೆ, ಬ್ಲಾಕ್ ಓಡುತ್ತದೆ. ಇಲ್ಲದಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಳೆಯ ಉತ್ತರ ಬರುತ್ತದೆ. ಈ ಒಂದು ಏರ್ಪಾಟಿನಿಂದ ನನಗೆ ಸಿಕ್ಕ ನೆಮ್ಮದಿ ಬೇರೆ ಯಾವ ಸೆಟ್ಟಿಂಗ್‌ನಿಂದಲೂ ಸಿಕ್ಕಿಲ್ಲ. ಕ್ಯಾಶ್ ಮತ್ತು ಸೆಷನ್ ಎರಡನ್ನೂ ಮಾತ್ರ ಒಂದೇ ಬ್ಲಾಕಿಗೆ ಹಾಕಬೇಡಿ. ಸೆಷನ್ ಒಳಗಿನ ಸ್ಥಿತಿ ಹ್ಯಾಶ್‌ನಲ್ಲಿ ಸೇರುವುದಿಲ್ಲ.

ಓಡಿಸುವ ಮುಂಚೆ ‘ಓಡಿಸಲೇ?’ ಎಂದು ಆರ್ಗ್ ಪ್ರತಿ ಸಲ ಕೇಳುವುದು ತುಂಬಾ ಜನರಿಗೆ ಬೇಜಾರು. ಪೂರ್ತಿ ಆಫ್ ಮಾಡಿಬಿಡುತ್ತಾರೆ. ಬೇರೆಯವರು ಕಳಿಸಿದ ಫೈಲನ್ನೂ ತೆರೆಯುತ್ತೇವೆ, ಹಾಗಾಗಿ ಅದು ಬೇಡ. ಆ ಸೆಟ್ಟಿಂಗ್‌ಗೆ ಹೌದು-ಇಲ್ಲ ಬದಲು ಒಂದು ಫಂಕ್ಷನ್ ಕೊಡಬಹುದು. ಅದಕ್ಕೆ ಬ್ಲಾಕಿನ ಭಾಷೆ ಮತ್ತು ಕೋಡ್ ಎರಡೂ ಸಿಗುತ್ತವೆ. ನನ್ನದು ಡಾಟ್ ಭಾಷೆಯಲ್ಲಿ ಬರೆದ ಚಿತ್ರಗಳನ್ನು ಮಾತ್ರ ಕೇಳದೆ ಬಿಡುತ್ತದೆ. ಶೆಲ್, ಪೈಥಾನ್ ಬಂದರೆ ಕೇಳುತ್ತದೆ.

ಇಷ್ಟೆಲ್ಲ ತಡೆ ಹಾಕಿದ ಮೇಲೆ ಉತ್ತರಗಳು ಹಳತಾಗಿ ಉಳಿಯುವ ಸಾಧ್ಯತೆ ಇದ್ದೇ ಇದೆ. ಹಾಗಾಗಿ ಡಾಕ್ಯುಮೆಂಟ್ ಯಾರಿಗಾದರೂ ಕಳಿಸುವ ಮುಂಚೆ ಎಲ್ಲ ಸೆಷನ್‌ಗಳನ್ನೂ ಮುಚ್ಚುತ್ತೇನೆ. ಹಳೆಯ ಉತ್ತರಗಳನ್ನು ಅಳಿಸುತ್ತೇನೆ. ಆಮೇಲೆ ಇಡೀ ಫೈಲನ್ನು ಮೇಲಿನಿಂದ ಕೆಳಗೆ ಓಡಿಸಿ, ಕ್ವೆರಿ ಕೇಳಿದ ಕಡೆ ನೋಡಿ ಹೌದು ಅಥವಾ ಇಲ್ಲ ಒತ್ತಿ, ಕೊನೆಗೆ ಎಕ್ಸ್‌ಪೋರ್ಟ್ ಮಾಡುತ್ತೇನೆ.