ಏಲಿಯನ್: ಐಸೊಲೇಶನ್ ಅನ್ನು ಹಾರ್ಡ್ ಮೋಡ್‌ನಲ್ಲಿ ಮುಗಿಸಿದ ಬಗೆ

ಈ ಗೇಮ್ ಹೇಗೆ ಆಡಬೇಕು ಅಂತ ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು: ಹೆಡ್‌ಫೋನ್ ಹಾಕಿಕೊಳ್ಳಿ. ಕ್ರಿಯೇಟಿವ್ ಅಸೆಂಬ್ಲಿ 2014ರಲ್ಲಿ ತಂದ ಈ ಆಟದ ಕತೆ ನಡೆಯುವುದು 2137ರಲ್ಲಿ, ಸೆವಾಸ್ಟೊಪೋಲ್ ಎಂಬ ಬಾಹ್ಯಾಕಾಶ ನಿಲ್ದಾಣದಲ್ಲಿ. ಕಾಣೆಯಾದ ತಾಯಿಯ ಸುಳಿವು ಹುಡುಕಿ ಬಂದ ಎಂಜಿನಿಯರ್ ಅಮಾಂಡಾ ರಿಪ್ಲಿ ನಾವು. ರಿವಾಲ್ವರ್ ಸಿಗುತ್ತದೆ, ಆದರೆ ಅಲ್ಲಿ ನಮ್ಮನ್ನು ಬೇಟೆಯಾಡುವ ಏಲಿಯನ್‌ಗೆ ಅದು ಲೆಕ್ಕಕ್ಕೇ ಇಲ್ಲ.

ಹಾಗಾಗಿ ನಾನು ಕಿವಿಯನ್ನು ನಂಬಿ ಆಡಿದೆ. ಏಲಿಯನ್ ಮೇಲಿನ ಗಾಳಿಕೊಳವೆಯಲ್ಲಿದ್ದರೆ ತಗಡಿನ ದಡಬಡ ಸದ್ದು. ನೆಲಕ್ಕಿಳಿದರೆ ಭಾರವಾದ ಧಪ್ ಧಪ್ ಹೆಜ್ಜೆ. ಚಲನೆ ಪತ್ತೆಹಚ್ಚುವ ಕೈ ಸಾಧನ ಮೋಷನ್ ಟ್ರ್ಯಾಕರ್ ಚುಕ್ಕಿ ತೋರಿಸುತ್ತದೆಯೇ ಹೊರತು ಮೇಲೋ ಕೆಳಗೋ ಹೇಳುವುದಿಲ್ಲ. ಅದರ ಬೀಪ್ ಹತ್ತಿರದಲ್ಲಿರುವ ಏಲಿಯನ್‌ಗೂ ಕೇಳಿಸುತ್ತದೆ. ಒಮ್ಮೆ ನೋಡಿ ತಕ್ಷಣ ಇಳಿಸಿಬಿಡುತ್ತಿದ್ದೆ. ಛಾವಣಿಯ ರಂಧ್ರದಿಂದ ಜೊಲ್ಲು ತೊಟ್ಟಿಕ್ಕುತ್ತಿದ್ದರೆ ಅದರ ಕೆಳಗೆ ಹಾಯುವಂತೆಯೇ ಇಲ್ಲ, ಮೇಲೆ ಹೊಂಚು ಹಾಕಿ ಕೂತಿರುತ್ತದೆ.

ಜೊತೆಗೆ ಬಂದು ಗಾಯಗೊಂಡ ಟೇಲರ್‌ಗಾಗಿ ಔಷಧಿ ಹುಡುಕುವ ಸ್ಯಾನ್ ಕ್ರಿಸ್ಟೊಬಲ್ ಆಸ್ಪತ್ರೆಯ ಭಾಗದಲ್ಲೇ ಬಹಳ ಜನ ಆಟ ಬಿಡುತ್ತಾರೆ. ಅಲ್ಲಿ ಲಾಕರ್ ಕಂಡಲ್ಲೆಲ್ಲ ಒಳಗೆ ನುಗ್ಗುವುದರಿಂದ ಉಪಯೋಗವಿಲ್ಲ. ಏಲಿಯನ್‌ನ ಬುದ್ಧಿ, ಅಂದರೆ ಅದನ್ನು ನಡೆಸುವ ಪ್ರೋಗ್ರಾಂ, ಎರಡು ಪದರದ್ದು. ಮೇಲಿನ ಪದರಕ್ಕೆ ನಾವು ಎಲ್ಲಿದ್ದೇವೆಂದು ಸದಾ ಗೊತ್ತು, ಆದರೆ ಅದು ಏಲಿಯನ್‌ಗೆ ಆಸುಪಾಸಿನ ಜಾಗವನ್ನಷ್ಟೇ ಸೂಚಿಸುತ್ತದೆ. ಹುಡುಕುವ ಕೆಲಸ ಏಲಿಯನ್‌ನ ಕಣ್ಣು ಕಿವಿಯದ್ದು. ನಮ್ಮ ಮೇಲಿನ ಒತ್ತಡ ಮಿತಿಮೀರಿದಾಗ ಮೇಲಿನ ಪದರವೇ ಅದನ್ನು ಕೊಂಚ ದೂರ ಕಳಿಸುತ್ತದೆ. ನನಗೆ ಬೇಕಾಗಿದ್ದದ್ದು ಆ ಬಿಡುವು. ಮೇಜಿನ ಕೆಳಗೆ ಬಗ್ಗಿ ಕೂತು, ಅದು ಬೆನ್ನು ತಿರುಗಿಸಿದ ಕೂಡಲೇ ಮುಂದಿನ ಮೇಜಿಗೆ. ಕೊಳವೆ ಹತ್ತಿದ ಸದ್ದು ಕೇಳಿದರೆ ಒಂದು ಇಡೀ ಕಾರಿಡಾರ್. ಓಡುವಂತಿಲ್ಲ, ಬಗ್ಗಿಯೇ ನಡೆಯಬೇಕು. ಗೇಮ್ ವಿನ್ಯಾಸದಲ್ಲಿ ಇಷ್ಟು ಪ್ರಾಮಾಣಿಕವಾದ ಭಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸೇವ್ ಮಾಡುವುದೂ ಒಂದು ಪರೀಕ್ಷೆ. ಗೋಡೆಯ ಯಂತ್ರಕ್ಕೆ ಕಾರ್ಡ್ ತುರುಕಿದ ಮೇಲೆ ಮೂರು ದೀಪ ಒಂದೊಂದಾಗಿ ಹೊತ್ತುವವರೆಗೂ ಆಟ ನಿಲ್ಲುವುದಿಲ್ಲ, ಏಲಿಯನ್ ಹಿಂದಿನಿಂದ ಬಂದರೆ ಮುಗಿಯಿತು. ಅದು ಕೊಳವೆಯಲ್ಲಿ ದೂರ ಸರಿದದ್ದು ಖಾತ್ರಿಯಾಗದೆ ನಾನು ಕಾರ್ಡ್ ಮುಟ್ಟುತ್ತಿರಲಿಲ್ಲ.

ಬಂದೂಕು ಹಿಡಿದ ಜನ ದಾರಿ ಕಟ್ಟಿದರೆ ಅವರ ನಡುವೆ ಸದ್ದು ಮಾಡುವ ಸಾಧನ ನಾಯ್ಸ್‌ಮೇಕರ್ ಎಸೆದು ಸರಿದುಬಿಡಿ, ಸದ್ದಿಗೆ ಇಳಿದುಬರುವ ಏಲಿಯನ್ ಅವರನ್ನು ನೋಡಿಕೊಳ್ಳುತ್ತದೆ. ವರ್ಕಿಂಗ್ ಜೋ ಎಂಬ ಮನುಷ್ಯರೂಪದ ರೋಬೋಟ್‌ಗಳ ಹತ್ತಿರ ಈ ಉಪಾಯ ನಡೆಯದು, ಏಲಿಯನ್ ಅವುಗಳ ಗೊಡವೆಗೇ ಹೋಗುವುದಿಲ್ಲ. ಅವುಗಳಿಗೆ ಇಎಂಪಿ, ಅಂದರೆ ಯಂತ್ರಗಳನ್ನು ಸ್ತಬ್ಧಗೊಳಿಸುವ ಸಾಧನ, ಉಳಿಸಿಟ್ಟುಕೊಳ್ಳಿ. ಬೆಂಕಿ ಉಗುಳುವ ಫ್ಲೇಮ್‌ಥ್ರೋವರ್ ಸಿಕ್ಕಮೇಲೂ ಏಲಿಯನ್ ಎದುರು ನುಗ್ಗಿ ಬಂದಾಗ ಮಾತ್ರ ಚಿಕ್ಕದಾಗಿ ಒಂದು ಸಲ ಹಾರಿಸಿ. ಪದೇ ಪದೇ ಬೆಂಕಿ ಕಂಡರೆ ಅದರ ಹೆದರಿಕೆ ಕಡಿಮೆಯಾಗುತ್ತ ಹೋಗುತ್ತದೆ.