ದೇವರಿಲ್ಲ ಅನ್ನುವ ರಾಕ್ ಹಾಡುಗಳನ್ನು ಕೇಳುವುದು ಹೇಗೆ

ದೇವರನ್ನು ಬೈಯುವ ರಾಕ್ ಹಾಡುಗಳು ಬೇಕಾದಷ್ಟಿವೆ. ಎರಡು ಕೇಳಿದರೆ ಖುಷಿ, ಹತ್ತು ಕೇಳಿದರೆ ಬೇಜಾರು. ಆದರೆ ದೇವರೂ ಇಲ್ಲ, ಸ್ವರ್ಗವೂ ಇಲ್ಲ ಅಂತ ಒಪ್ಪಿಕೊಂಡ ಮೇಲೆ, ರಾತ್ರಿ ದೀಪ ಆರಿಸಿ ಮಲಗಿದಾಗ ಒಂದು ಭಯ ಬರುತ್ತದಲ್ಲ, ಮುಂದೊಂದು ದಿನ ನಾನು ಇರುವುದೇ ಇಲ್ಲ ಅನ್ನುವ ಭಯ, ಅದರ ಜೊತೆ ಕೂತು ಮಾಡಿದ ಹಾಡುಗಳೂ ಇವೆ. ನನಗೆ ಮುಖ್ಯ ಅನಿಸುವುದು ಅವು. ಸೀದಾ ಅಲ್ಲಿಗೆ ಹೋಗಬೇಡಿ, ಜಗಳದಿಂದ ಶುರು ಮಾಡಿ.

ಎಕ್ಸ್‌ಟಿಸಿ ಬ್ಯಾಂಡಿನ ‘ಡಿಯರ್ ಗಾಡ್’ (1986) ಹಾಕಿ. ಮೊದಲು ಒಂದು ಸಿಂಗಲ್‌ನ, ಅಂದರೆ ಒಂದು ಮುಖ್ಯ ಹಾಡಿಗಾಗಿ ಬಿಡುವ ಪುಟ್ಟ ರೆಕಾರ್ಡಿನ, ಹಿಂಬದಿಯಲ್ಲಿ ಬಂದ ಹಾಡಿದು. ಅಮೆರಿಕದ ರೇಡಿಯೋಗಳು ಇದನ್ನೇ ಹಾಕತೊಡಗಿದ ಮೇಲೆ ಆಲ್ಬಮ್‌ಗೆ ಸೇರಿಸಿದರು. ಇದು ದೇವರಿಗೆ ಬರೆದ ಕಾಗದ. ಶುರುವಿನಲ್ಲಿ ಹಾಡುವುದು ಒಬ್ಬ ಪುಟ್ಟ ಹುಡುಗಿ. ಆಮೇಲೆ ಬ್ಯಾಂಡಿನ ಗಾಯಕ ಆಂಡಿ ಪಾರ್ಟ್ರಿಜ್ ಬಂದು ಹಸಿವು, ರೋಗ, ಜಗಳ ಎಲ್ಲದಕ್ಕೂ ಲೆಕ್ಕ ಕೇಳುತ್ತಾನೆ, ಸಿಟ್ಟು ಏರುತ್ತಲೇ ಹೋಗುತ್ತದೆ. ನಂಬುವುದಿಲ್ಲ ಅನ್ನುತ್ತಲೇ ಆ ಇಲ್ಲದವನನ್ನೇ ಕರೆದು ಮಾತಾಡುತ್ತಿದ್ದಾನೆ, ಅಲ್ವಾ? ಹಾಡು ಮುಗಿಯುವಾಗ ಮತ್ತೆ ಆ ಮಗುವಿನ ದನಿ ಬರುತ್ತದೆ. ಅದು ಕರೆಯುವುದನ್ನು ಬಿಟ್ಟೇ ಇಲ್ಲ.

ಇದಾದ ಮೇಲೆ ಜಾನ್ ಲೆನನ್‌ನ ‘ಗಾಡ್’ (1970). ತಾನು ನಂಬದಿರುವುದರ ಒಂದು ಉದ್ದನೆಯ ಪಟ್ಟಿ ಹಾಡುತ್ತಾನೆ, ಕೊನೆಗೆ ತನ್ನದೇ ಬ್ಯಾಂಡ್ ಬೀಟಲ್ಸ್ ಹೆಸರನ್ನೂ ಸೇರಿಸುತ್ತಾನೆ. ಅಲ್ಲಿ ವಾದ್ಯ ನಿಲ್ಲುತ್ತದೆ. ಆ ಒಂದು ಕ್ಷಣದ ಮೌನಕ್ಕೆ ಕಿವಿ ಕೊಡಿ. ಎಲ್ಲವನ್ನೂ ಆಚೆ ಹಾಕಿದ ಮನೆಯಲ್ಲಿ ನಿಂತ ಹಾಗಿರುತ್ತದೆ. ಆಮೇಲೆ ಬರುವ ಮೆತ್ತನೆಯ ದನಿಯಲ್ಲಿ ಉಳಿದಿರುವುದು ಅವನು ಮತ್ತು ಅವನ ಹೆಂಡತಿ ಯೋಕೋ, ಅಷ್ಟೇ.

ಪಂಕ್, ಅಂದರೆ ವೇಗದ ಒರಟು ರಾಕ್, ಇಷ್ಟವಿದ್ದರೆ ಬ್ಯಾಡ್ ರಿಲಿಜನ್ ಕೇಳಬಹುದು. 1980ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಬ್ಯಾಂಡ್, ಹಾಡುವ ಗ್ರೆಗ್ ಗ್ರಾಫಿನ್ ಪ್ರಾಣಿಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. ವೇಗ ಜಾಸ್ತಿ, ಸಾಹಿತ್ಯ ಮೊದಲೇ ಓದಿಕೊಳ್ಳಿ. ಇನ್ನೊಂದು ಮಾತು, ಕಪ್ಪು ಬಟ್ಟೆ ನೋಡಿ ಯಾರನ್ನೂ ನಾಸ್ತಿಕರು ಅಂದುಕೊಳ್ಳಬೇಡಿ. ಹೆವಿ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್ 1971ರಲ್ಲಿ ಮಾಡಿದ ‘ಆಫ್ಟರ್ ಫಾರೆವರ್’ ದೇವರನ್ನು ನಂಬುವವರ ಪರ ಇರುವ ಹಾಡು.

ಈಗ ಭಯದ ಹತ್ತಿರ ಬರೋಣ. ಇದಕ್ಕೆ ಹೆಡ್‌ಫೋನ್ ಬೇಕು, ಒಂಟಿಯಾಗಿರಬೇಕು, ಫೋನ್ ದೂರ ಇಡಬೇಕು. ಪಿಂಕ್ ಫ್ಲಾಯ್ಡ್‌ನ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ (1973) ಆಲ್ಬಮ್‌ನಿಂದ ‘ಟೈಮ್’ ಹಾಕಿ, ಮುಂದಿನ ಹಾಡು ತಾನಾಗಿ ಬರಲಿ, ನಡುವೆ ನಿಲ್ಲಿಸಬೇಡಿ. ‘ಟೈಮ್’ ಹಾಡುವುದು ಕೈಜಾರಿದ ವರ್ಷಗಳನ್ನು. ಅದರ ಕೊನೆಯಲ್ಲಿ ದೂರದ ಗಂಟೆಯೊಂದು ಭಕ್ತರನ್ನು ಮೊಣಕಾಲೂರಲು ಕರೆಯುವ ಮಾತು ಬರುತ್ತದೆ. ಅದು ಮುಗಿದ ಕೂಡಲೇ ಪಿಯಾನೋ ಶುರು. ಅದು ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’, ಸಾವಿನ ಹಾಡು. ಯಾರೋ ಒಬ್ಬ ಗಂಡಸು ಮಾತಿನ ಧಾಟಿಯಲ್ಲಿ ತನಗೆ ಸಾಯಲು ಭಯವಿಲ್ಲ ಅನ್ನುತ್ತಾನೆ. ಅವನು ಧ್ವನಿಮುದ್ರಣ ನಡೆದ ಆಬಿ ರೋಡ್ ಸ್ಟುಡಿಯೋದ ಬಾಗಿಲು ಕಾಯುತ್ತಿದ್ದವನು. ಅವನ ಮಾತು ಮುಗಿಯುತ್ತಿದ್ದಂತೆ ಕ್ಲೇರ್ ಟೋರಿ ಅನ್ನುವ ಗಾಯಕಿ ಒಂದೇ ಒಂದು ಪದವಿಲ್ಲದೆ ಕೂಗತೊಡಗುತ್ತಾಳೆ. ಮಾತು ಭಯವಿಲ್ಲ ಅನ್ನುತ್ತದೆ, ದನಿ ಎದೆ ಒಡೆದುಕೊಂಡು ಅಳುತ್ತದೆ, ಎರಡೂ ನಿಜ. ಭಯ ಇದೆ ಅನ್ನಲು ನಮ್ಮಲ್ಲಿ ಎಷ್ಟೋ ಸಲ ಪದ ಇರುವುದಿಲ್ಲ, ಅವಳಿಗೂ ಬೇಕಾಗಲಿಲ್ಲ. ಅರ್ಧದ ನಂತರ ದನಿ ಇಳಿಯುತ್ತದೆ. ಅದು ಸೋತದ್ದೋ ಸಮಾಧಾನವೋ ಅಂತ ನಾನು ಪ್ರತಿ ಸಲ ಬೇರೆ ಬೇರೆ ತೀರ್ಮಾನಕ್ಕೆ ಬರುತ್ತೇನೆ. ಆ ಹಾಡಿಗೆ ಅವಳಿಗೆ ಸಿಕ್ಕ ಸಂಭಾವನೆ 30 ಪೌಂಡ್, ಹಾಡು ಕಟ್ಟಿದವರಲ್ಲಿ ಅವಳ ಹೆಸರು ಸೇರಿದ್ದು 2005ರಲ್ಲಿ, ಅದೂ ಕೋರ್ಟಿಗೆ ಹೋದ ಮೇಲೆ.

ಇದೇ ಕಿವಿಯಲ್ಲಿ ಐರನ್ ಮೇಡನ್‌ನ ‘ಹ್ಯಾಲೋಡ್ ಬಿ ದೈ ನೇಮ್’ (1982) ಕೇಳಿ. ಹೆಸರು ಕ್ರೈಸ್ತರ ಪ್ರಾರ್ಥನೆಯ ಸಾಲು, ಕಥೆ ಗಲ್ಲಿಗೆ ಹೊರಟವನದು. ಇಲ್ಲೂ ಗಂಟೆ ಇದೆ. ಭಯವಿಲ್ಲ ಅಂತ ತನಗೆ ತಾನೇ ಹೇಳಿಕೊಳ್ಳುವವನ ಜೊತೆ ಗಿಟಾರ್‌ಗಳು ಓಡುತ್ತವೆ.

ಒಂದು ಎಚ್ಚರಿಕೆ. ಹತ್ತಿರದವರು ಈಗಷ್ಟೇ ತೀರಿಕೊಂಡಿದ್ದರೆ, ಅಥವಾ ನಿಮಗೇ ಬದುಕು ಸಾಕು ಅನಿಸುತ್ತಿದ್ದರೆ, ಈ ಹಾಡುಗಳನ್ನು ರಾತ್ರಿ ಒಬ್ಬರೇ ಕೇಳಬೇಡಿ. ಮೊದಲು ಯಾರ ಹತ್ತಿರವಾದರೂ ಮಾತಾಡಿ. ಹಾಡು ಎಲ್ಲಿಗೂ ಹೋಗುವುದಿಲ್ಲ.

ಭಯದಲ್ಲೇ ನಿಲ್ಲಿಸಲೂಬೇಡಿ. ಡೆತ್ ಕ್ಯಾಬ್ ಫಾರ್ ಕ್ಯೂಟಿಯ ‘ಐ ವಿಲ್ ಫಾಲೋ ಯು ಇನ್‌ಟು ದಿ ಡಾರ್ಕ್’ (2005) ಒಂದು ಗಿಟಾರ್, ಒಂದು ದನಿ. ಸ್ವರ್ಗ ನರಕ ಎರಡೂ ಬಾಗಿಲು ಹಾಕಿಕೊಂಡರೂ ನಿನ್ನ ಹಿಂದೆ ಕತ್ತಲಿಗೆ ಬರುತ್ತೇನೆ ಅನ್ನುವ ಹಾಡು. ಕೊನೆಗೆ ಫ್ಲೇಮಿಂಗ್ ಲಿಪ್ಸ್‌ನ ‘ಡು ಯು ರಿಯಲೈಜ್’ (2002). ನಿನಗೆ ಗೊತ್ತಿರುವವರೆಲ್ಲ ಒಂದು ದಿನ ಸಾಯುತ್ತಾರೆ ಅನ್ನುವುದನ್ನು ಇಷ್ಟು ಬೆಳಕಿನ ರಾಗದಲ್ಲಿ ಹಾಡಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಇದಕ್ಕೆ ಹೆಡ್‌ಫೋನ್ ತೆಗೆದಿಡಿ, ಸ್ಪೀಕರಿನಲ್ಲಿ ಹಾಕಿ, ನಿಮಗೆ ಬೇಕಾದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.